ಹಿಂದಿನ ಓಣಿಯ ಮಾಸ್ತರ

ಟ್ರ್ಯಾಕ್ಟರಿನ ಟ್ರೇಲರ್ ಹಿಂದಕ್ಕೆ ಸರಿಯುತ್ತ ಬಂದು ಇನ್ನೇನು ಮನೆ ಮುಂದಿನ ಕಟ್ಟೆಗೆ ತಾಗಬೇಕು, ಅಷ್ಟರಲ್ಲಿ ಮಧುಮತಿ ಒಳಗಿನಿಂದ ಓಡಿ ಬಂದು ಎರಡೂ ಕೈ ಚಾಚಿ ಅಡ್ಡ ನಿಂತಳು.

“ನಿಲ್ಲಸ್ರಿ. ಟ್ರ್ಯಾಕ್ಟರ್ ಬ್ಯಾಡ.”

ದುರಗೇಶ ಬ್ರೇಕ್ ಒತ್ತಿದ. ಟ್ರೇಲರಿನ ಮೂಲೆಗಳಿಗೆ ಕಟ್ಟಿದ್ದ ಬಾಳೆಗಿಡಗಳು ಒಮ್ಮೆ ವಾಲಿ ನಿಂತವು. ಕಟ್ಟೆಯ ಮೇಲೆ ಕುಳಿತಿದ್ದ ಭಜನೆಯವರು ತಾಳ ನಿಲ್ಲಿಸಿ ಇತ್ತ ನೋಡಿದರು.

ಒಳಗೆ ಪಡಸಾಲೆಯಲ್ಲಿ ಮುರಗೆಪ್ಪ ಮಾಸ್ತರರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಬಾಯಿ ತೆರೆಯದಂತೆ ಗದ್ದಕ್ಕೆ ಬಿಳಿ ಬಟ್ಟೆಯ ಕಟ್ಟು. ಹಿಂದಿನ ದಿನ ಸಂಜೆ ಚಹಾ ಕುಡಿದು ಕಪ್ಪು ಕೆಳಗಿಟ್ಟವರು ಹಾಗೇ ಪಕ್ಕಕ್ಕೆ ಒರಗಿದ್ದರು. ಎಪ್ಪತ್ತು ತುಂಬಿರಲಿಲ್ಲ.

ಮಾಸ್ತರರ ತಮ್ಮ ಕರೆಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಮುಂದೆ ಬಂದ. ಮುಧೋಳದ ಹತ್ತಿರ ಕಬ್ಬಿನ ಹೊಲ ಮಾಡಿಕೊಂಡಿದ್ದವನು. ಬನಹಟ್ಟಿಗೆ ಬಂದು ಹೋಗುವುದು ಅಪರೂಪ.

“ಯಾಕ ಬೇ ಮಧೂ? ನಸಿಕಿನ್ಯಾಗ ಎದ್ದು ತೊಳದು ತಂದೀನಿ. ನಿಮ್ಮಪ್ಪ ಏನ್ ಸಣ್ಣ ಮನಷ್ಯಾನ? ನಾಕ ಮಂದಿ ನೋಡೂಹಂಗ ಹೋಗಲಿ.”

“ಕಬ್ಬು ಹೇರೂ ಟ್ರೇಲರ್ ಅದು, ಕಾಕಾ.”

“ಹೌದು, ಕಬ್ಬು ಹೇರೂದ. ನಮ್ಮ ಕಡೆ ಮತ್ತೇನ್ ಹೇರತಾರ?”

ಮಾಸ್ತರರ ಜೊತೆ ಒಂದೇ ಸಾಲಿಯಲ್ಲಿ ಕಲಿಸಿ ನಿವೃತ್ತರಾಗಿದ್ದ ಪರಮಾನಂದ ಮಾಸ್ತರರು ಕಟ್ಟೆಯಿಂದ ಇಳಿದು ಬಂದು ಕರೆಪ್ಪನ ಮೊಣಕೈ ಹಿಡಿದರು.

“ಶಿವಗಂಗವ್ವನ ಮಗಾ ಹೋಗಿದ್ದು ಹೆಂಗ? ಮರತೇನು ಕರೆಪ್ಪಾ?”

ಕರೆಪ್ಪನ ಕೈ ಟವೆಲಿನ ಮೇಲೆಯೇ ನಿಂತಿತು. ಟ್ರೇಲರಿನ ಚೆಂಡು ಹೂವಿನ ಮಾಲೆಗಳನ್ನು ನೋಡಿ, “ಥೂ ನನ್ನ ತಲಿಗಿಷ್ಟು,” ಎಂದುಕೊಂಡು ದುರಗೇಶನಿಗೆ ಕೈ ಮಾಡಿದ. “ತಗೀಪಾ. ಆ ಕಡೆ ದೊಡ್ಡ ರಸ್ತೇಕ ಹಚ್ಚು. ಯಾರಿಗೂ ಕಾಣೂಹಂಗ ಹಚ್ಚಬ್ಯಾಡ.”

ಟ್ರ್ಯಾಕ್ಟರ್ ಹೊಗೆ ಬಿಟ್ಟು ಹೊರಳಿತು. ಬಿದಿರು ತರಿಸಿ, ಹೆಣ ಕೂಡಿಸಿ ಹೊರುವ ವಿಮಾನ ಕಟ್ಟುವುದೆಂದಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಟ್ರ್ಯಾಕ್ಟರಿನಲ್ಲಾದರೆ ಊರ ಹೊರಗಿನ ರಸ್ತೆ ಹಿಡಿದು ಸುತ್ತು ಹಾಕಬಹುದಿತ್ತು. ಹೆಗಲ ಮೇಲೆ ಹೊತ್ತು ಅಷ್ಟು ದೂರ ಆಗದ ಮಾತು. ಉಳಿದವು ಎರಡು ದಾರಿ. ಒಂದು ನೆಟ್ಟಗಿನ ಓಣಿ. ಅದರ ನಡುವೆ ಶಿವಗಂಗವ್ವನ ಮನೆ. ಇನ್ನೊಂದು ಮಗ್ಗದ ಶೆಡ್ಡುಗಳ ಬೆನ್ನಿಗೆ ಹಾಯುವ ಹಿಂದಿನ ಓಣಿ. ಇಕ್ಕಟ್ಟು, ಅರ್ಧ ಗಟಾರ, ತಲೆಗೆ ತಾಗುವ ಕರೆಂಟಿನ ತಂತಿ.

“ಹಿಂದಿನ ಓಣೀಲೆ ಒಯ್ಯೂನು,” ಎಂದ ಕರೆಪ್ಪ. “ತ್ರಾಸ ಆಗತೈತಿ, ಆಗಲಿ. ಅಣ್ಣ ಜೀವ ಇರೂತನಕ ಆಕಿ ಬಾಗಲ ಮುಂದ ಹಾಯ್ದಿಲ್ಲ. ಈಗ ಹೆಣಾ ಮಾಡಿ ಹಾಯಸೂದು ಬ್ಯಾಡ.”

“ಖರೆ ಐತಿ,” ಎಂದರು ಒಂದಿಬ್ಬರು. “ಆ ತಾಯಿ ಹೊಟ್ಟಿ ಮತ್ತ ಯಾಕ ಕಲಕೂದು?”

ಮಧುಮತಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಜಮಖಂಡಿಯ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು, ಮೂವತ್ತರ ಹತ್ತಿರದವಳು. ಬೆಳಗಿನಿಂದ ಒಮ್ಮೆಯೂ ದನಿ ಎತ್ತಿ ಅತ್ತಿರಲಿಲ್ಲ.

“ಅಪ್ಪ ತಾನೂ ಆ ಗಟಾರದ ದಾರಿ ಹಿಡದ, ನನಗೂ ಅದನ್ನ ಹಿಡಿಸಿದ,” ಎಂದಳು. “ಸಾಲಿಗೆ ಅದ ದಾರಿ, ಕಾಲೇಜಿಗೆ ಅದ ದಾರಿ, ಬಸ್‌ಸ್ಟ್ಯಾಂಡಿಗೂ ಅದ. ಇವತ್ತೊಂದ ದಿನ ನೆಟ್ಟಗ ಹೋಗಲಿ, ಕಾಕಾ.”

“ಆಕಿ ಬಾಗಲದಾಗ ನಿಂತು ಬೈದ್ರ?”

“ನಾನ ಹೋಗಿ ಕೇಳಿ ಬರತೀನಿ.”

ಕಾಲಿಗೆ ಚಪ್ಪಲಿಯನ್ನೂ ಹಾಕದೆ ಅವಳು ಓಣಿಗೆ ಇಳಿದಳು.

*

ಹದಿನೇಳು ವರ್ಷದ ಹಿಂದಿನ ಮಾತು. ಮುರಗೆಪ್ಪ ಮಾಸ್ತರರು ಆಗ ಸಾಲಿಯ ಕಬ್ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಹತ್ತು ವರ್ಷದ ಒಳಗಿನವರು ಕಬ್. ಹತ್ತು ತುಂಬಿದ ಮೇಲೆ ಪರಮಾನಂದ ಮಾಸ್ತರರ ಸ್ಕೌಟ್ ದಳಕ್ಕೆ ಹೋಗಬೇಕು. ಹಾಗೆ ಹೋಗುವುದನ್ನು ಸಾಲಿಯಲ್ಲಿ ‘ಗೆರಿ ದಾಟೂದು’ ಎನ್ನುತ್ತಿದ್ದರು. ಮೈದಾನದಲ್ಲಿ ಸುಣ್ಣದ ಗೆರೆ. ಈ ಕಡೆ ಸಣ್ಣವರು, ಆ ಕಡೆ ದೊಡ್ಡವರು. ಮಾಸ್ತರರು ಹುಡುಗನ ಕೈ ಹಿಡಿದು ಗೆರೆಯವರೆಗೆ ಕರೆದೊಯ್ದು ಅಲ್ಲಿ ಬಿಡುತ್ತಿದ್ದರು. ಹುಡುಗ ಒಬ್ಬನೇ ದಾಟಬೇಕು. ಆಚೆ ಪರಮಾನಂದ ಮಾಸ್ತರರು ಎಡಗೈ ಕುಲುಕಿ ಕೊರಳಿಗೆ ಹೊಸ ಸ್ಕಾರ್ಫ್ ಹಾಕುತ್ತಿದ್ದರು.

ಆ ವರ್ಷ ದಾಟಬೇಕಾದವರಲ್ಲಿ ಬಸವಕುಮಾರನೂ ಇದ್ದ. ಶಿವಗಂಗವ್ವನ ಒಬ್ಬನೇ ಮಗ. ಗಂಡ ತೀರಿದ ಮೇಲೆ ಆಕೆ ನೇಕಾರರ ಮನೆಗಳಿಗೆ ನೂಲಿನ ಕಂಡಿಕಿ ಸುತ್ತಿಕೊಟ್ಟು ಸಂಸಾರ ನಡೆಸಿದ್ದಳು. ಗೆರೆ ದಾಟುವ ಹಿಂದಿನ ಸಂಜೆ ಸೆರಗಿಗೆ ಅಂಟಿದ್ದ ನೂಲು ಕೀಳುತ್ತ ಮಾಸ್ತರರ ಮನೆಗೆ ಬಂದಳು.

“ಮಾಸ್ತರ, ಇದೊಂದ ವರ್ಷ ಅವನ್ನ ಸಣ್ಣವರಾಗ ಇರಗೊಡ್ರಿ. ಇನ್ನೂ ಬಾಳ ಮೆತ್ತಗ ಅದಾನ.”

“ವಯಸ್ಸ ತುಂಬೇತಿ ತಂಗೀ. ಜೋಡಿ ಹುಡುಗೂರೆಲ್ಲಾ ದಾಟಿ ಹೋಗಿ ಇಂವ ಒಬ್ಬಾಂವ ಉಳದ್ರ ಇನ್ನೂ ಮೆತ್ತಗಾಗತಾನ.”

“ಊರ ಹೊರಗ ಕರಕೊಂಡ ಹೋಗತಾರಂತ ದೊಡ್ಡವರನ್ನ?”

“ಹೋಗತಾರ. ಮೊದಲನೇ ಸಲ ನಾನೂ ಜೋಡಿ ಹೋಗತೀನಿ. ಹೊಸಬ್ರ ಹಿಂದ ನಡ್ಯಾಂವ ನಾನ.”

ಆಕೆ ಮಾಸ್ತರರ ಮುಖ ನೋಡಿದಳು. “ನೀವ ಇರತೀರಂದ್ರ ಆತ ಬಿಡ್ರಿ,” ಎಂದು ಎದ್ದು ಹೋದಳು.

ಮರುದಿನ ಗೆರೆಯ ಹತ್ತಿರ ಬಂದಾಗ ಬಸವಕುಮಾರನ ಅಂಗೈ ಬೆವೆತಿತ್ತು. ಮಾಸ್ತರರು ಕೈ ಬಿಟ್ಟರು. ಹುಡುಗ ಒಮ್ಮೆ ಹಿಂದಿರುಗಿ ನೋಡಿ, ಗೆರೆ ಅಳಿಸೀತೆಂಬಂತೆ ಕಾಲು ಎತ್ತರಿಸಿ ದಾಟಿದ. ಕಬ್ ಮಕ್ಕಳ ಸಲ್ಯೂಟಿಗೆ ಎರಡು ಬೆರಳು, ಸ್ಕೌಟಿಗೆ ಮೂರು. ಅವನು ರೂಢಿಯಲ್ಲಿ ಎರಡೇ ಬೆರಳು ಎತ್ತಿದ. ಮೈದಾನವೆಲ್ಲ ನಕ್ಕಿತು. ಅವನೂ ನಗುತ್ತ ಮೂರನೆಯದನ್ನು ಎಡಗೈಯಿಂದ ಬಿಡಿಸಿ ನಿಲ್ಲಿಸಿದ.

*

ಊರಲ್ಲಿ ಸಾವಾಗಿದ್ದರಿಂದ ನೆಟ್ಟಗಿನ ಓಣಿಯ ಮಗ್ಗಗಳು ನಿಂತಿದ್ದವು. ಮಧುಮತಿ ಈ ಓಣಿಯಲ್ಲಿ ನಡೆದಿದ್ದು ಚಿಕ್ಕಂದಿನಲ್ಲಿ. ಮನೆಗಳ ಬಣ್ಣ ಬದಲಾಗಿತ್ತು, ಎರಡು ಕಡೆ ಹೊಸ ಮಾಳಿಗೆ ಎದ್ದಿತ್ತು. ಕಟ್ಟೆಗಳ ಮೇಲಿದ್ದ ಹೆಂಗಸರು ಅವಳನ್ನು ನೋಡಿ ಮಾತು ನಿಲ್ಲಿಸಿದರು. ಎಲ್ಲಿಗೆ ಹೊರಟಿದ್ದಾಳೆಂದು ಅವರಿಗೆ ತಿಳಿದಿತ್ತು.

ಬಸವಕುಮಾರನ ಜೀವ ಹೋದ ಆ ಅಪಘಾತವಾದಾಗ ಅವಳಿಗೆ ಹನ್ನೆರಡೋ ಹದಿಮೂರೋ. ಗೈಡ್ಸ್ ಹುಡುಗಿಯರ ಜೊತೆ ಅವಳೂ ಕ್ಯಾಂಪಿಗೆ ಹೆಸರು ಕೊಟ್ಟಿದ್ದಳು. ಅಪ್ಪ ಬಂದು ಹೆಸರು ತೆಗೆಸಿದ. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಸಾಲಿಯ ಪ್ರವಾಸ ಇಲ್ಲ, ಗೆಳತಿಯ ಮದುವೆಗೆ ಬೀಳಗಿಗೆ ಹೋಗುವಂತಿಲ್ಲ. ಧಾರವಾಡದಲ್ಲಿ ನರ್ಸಿಂಗ್ ಸೀಟು ಸಿಕ್ಕಾಗ ಅಪ್ಪ ಬಯ್ಯಲಿಲ್ಲ, ಬೇಡವೆನ್ನಲಿಲ್ಲ. ಎರಡು ದಿನ ಅನ್ನ ಮುಟ್ಟದೆ ಗೋಡೆ ನೋಡುತ್ತ ಕುಳಿತ. ಆಗಿನ್ನೂ ಬದುಕಿದ್ದ ಅವ್ವನೇ, “ಬಿಡ ಮಗಳ, ಇಲ್ಲೇ ಓದು,” ಎಂದಳು. ಜಮಖಂಡಿ ಕಾಲೇಜಿಗೆ ಹೋಗುವಾಗ ಅಪ್ಪ ದಿನಾಲೂ ಹಿಂದಿನ ಓಣಿ ಹಾಯಿಸಿ ಬಸ್ ಹತ್ತಿಸಿ, ಬಸ್ ಕಣ್ಮರೆಯಾಗುವತನಕ ನಿಂತಿರುತ್ತಿದ್ದ. ಗೆಳತಿಯರು ಕಿಟಕಿಯಿಂದ ನೋಡಿ ನಗುತ್ತಿದ್ದರು. ಅವಳು ತಲೆ ತಗ್ಗಿಸುತ್ತಿದ್ದಳು. ವರ ನೋಡಲು ಬಂದವರಲ್ಲಿ ದೂರದ ಊರಿನವರನ್ನೆಲ್ಲ ಅಪ್ಪ ಏನೋ ನೆಪ ಹೇಳಿ ಕಳಿಸಿದ. ಹತ್ತಿರದವರು ಬರಲಿಲ್ಲ.

ಶಿವಗಂಗವ್ವನ ಬಾಗಿಲು ತೆರೆದಿತ್ತು. ಆಕೆ ಚರಕದ ಮುಂದೆ ಸುಮ್ಮನೆ ಕುಳಿತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಬಾ,” ಎಂದಳು. ಗುರುತು ಕೇಳಲಿಲ್ಲ.

ಮಧುಮತಿ ಹೊಸ್ತಿಲ ಹೊರಗೇ ನಿಂತಳು. “ದೊಡ್ಡವ್ವಾ, ಅಪ್ಪನ್ನ ಈ ದಾರೀಲೆ ಒಯ್ಯಬೇಕಂತ ಮಾಡೀನಿ. ನೀವ ಬ್ಯಾಡಂದ್ರ ಹಿಂದಿನ ಓಣಿ ಹಿಡೀತೀವಿ.”

“ಯಾವಾಗ ಹೋತು ಜೀವ?”

“ನಿನ್ನಿ ಸಂಜಿಕ.”

“ತ್ರಾಸ ಆತೇನು?”

“ಇಲ್ರಿ.”

“ಏನರ ಮಾತಾಡಿದ್ರೇನು ಹೋಗೂಮುಂದ?”

“ಏನೂ ಇಲ್ಲ.”

ಶಿವಗಂಗವ್ವ ಚರಕದ ಹಿಡಿಯನ್ನು ಒಂದು ಸುತ್ತು ತಿರುಗಿಸಿ ನಿಲ್ಲಿಸಿದಳು. “ಎಂದರ ನಮ್ಮ ಬಸುನ ಮಾತ ತಗದಿದ್ರೇನು ಮನ್ಯಾಗ?”

“ನಮ್ಮ ಮನ್ಯಾಗ ಆ ಹೆಸರ ಯಾರೂ ತಗೀತಿರಲಿಲ್ಲ, ದೊಡ್ಡವ್ವಾ.”

“ಹಂಗಂದ್ರ ನಿನಗೂ ಏನೂ ಗೊತ್ತಿಲ್ಲ.”

“ಏನ್ರಿ?”

“ಅವತ್ತ ದಾರ್ಯಾಗ ಅಂವ ಏನೇನ್ ಮಾತಾಡಿದ ಅನ್ನೂದು.” ಆಕೆಯ ದನಿಯಲ್ಲಿ ಅಳು ಇರಲಿಲ್ಲ, ಬಹಳ ದಿನದಿಂದ ಲೆಕ್ಕ ಹಾಕಿಟ್ಟಿದ್ದನ್ನು ಒಪ್ಪಿಸುವವಳಂತೆ ಹೇಳುತ್ತ ಹೋದಳು. “ನನ್ನ ಮಗಾ ಸುಮ್ನ ನಡಿಯಾವಲ್ಲ ಬೇ. ವಟವಟ ಅನಕೋತ ಹೋಗಾಂವ. ಊರಿಂದ ಅಲ್ಲೀತನಕ ನಿಮ್ಮಪ್ಪನ ಜೋಡಿನ ನಡದ ಅಂತ ಹುಡುಗೂರ ಹೇಳಿದ್ರು. ಏನಂದ? ಬುತ್ತಿ ಉಂಡಿದ್ದನೋ ಹಸದಿದ್ದನೋ? ಮಾಸ್ತರಗಂತ ಶೇಂಗಾ ಹೋಳಗಿ ಬ್ಯಾರೆ ಕಟ್ಟಿ ಕೊಟ್ಟಿದ್ನಿ. ಕೊಟ್ಟನೋ ಇಲ್ಲೋ? ಇಷ್ಟ ಬೇಕಾಗಿತ್ತು ನನಗ.”

“ಬಾಗಲ ಮುಂದ ಅಪ್ಪನ ನೆರಳ ಬೀಳಬಾರದು ಅಂತ ನೀವ ಅಂದಿದ್ರಂತ…”

“ಅಂದೆ. ಇಲ್ಲ ಅನ್ನೂದಿಲ್ಲ. ಉರಿಯೂ ಹೊಟ್ಟಿ, ಅಂದೆ. ಅದು ಬೈಗಳ ಬೇ, ಆಣಿ ಅಲ್ಲ. ತಿಂಗಳಿಗೆ ಬರತಾರ, ವರ್ಷಕ್ಕ ಬರತಾರ, ಬಂದು ಹೇಳತಾರ ಅಂತ ಬಾಗಲಾ ತಗದ ಕುಂತೆ. ನಿಮ್ಮಪ್ಪ ಹಿಂದಿನ ಓಣಿ ಹಿಡದ. ಊರ ಮಂದಿ, ‘ಮಾಸ್ತರ ಎಷ್ಟ ಮರ್ಯಾದಸ್ಥ’ ಅಂದ್ರು. ನನ್ನ ಯಾರ ಕೇಳಿದ್ರು?”

“ನೀವರ ಒಮ್ಮಿ ಕರದಿದ್ರ—”

“ನಾ ಯಾಕ ಕರೀಲಿ?” ಆಕೆ ಥಟ್ಟನೆ ತಲೆ ಎತ್ತಿದಳು. “ಮಗನ್ನ ಕಳಕೊಂಡಾಕಿ ನಾನು. ಕಾಲ ಸವಸಬೇಕಾದಾಂವ ನಿಮ್ಮಪ್ಪ.”

ಓಣಿಯಾಚೆ ಯಾರೋ ಬಿದಿರು ಸೀಳುವ ಸದ್ದು ಕೇಳುತ್ತಿತ್ತು. ಮಧುಮತಿ ಹೊರಡಲು ತಿರುಗಿದಾಗ ಹಿಂದಿನಿಂದ ಮಾತು ಬಂತು.

“ತರ್ರಿ. ಇಲ್ಲಿ ಬಾಗಲ ಮುಂದ ಒಂದೀಟ ಇಳಸ್ರಿ.”

*

ಕಬ್ಬು ಅರೆಯುವ ಹಂಗಾಮು, ಜನವರಿಯ ಎಳೆ ಬಿಸಿಲು. ಜಮಖಂಡಿ ರಸ್ತೆಯ ಮಗ್ಗುಲಲ್ಲಿ ಸ್ಕೌಟ್ ಹುಡುಗರು ಸಾಲಾಗಿ ನಡೆದಿದ್ದರು. ಮುಂದೆ ಪರಮಾನಂದ ಮಾಸ್ತರರು, ಕೊನೆಯಲ್ಲಿ ಮುರಗೆಪ್ಪ ಮಾಸ್ತರರು. ಹೊಳೆ ದಂಡೆಯ ಗುಡಿಯವರೆಗೆ ಹೋಗಿ, ಅಲ್ಲಿ ಅಡಿಗೆ ಮಾಡಿ ಉಂಡು ಮರಳುವುದು. ಬಸವಕುಮಾರನ ತಂಡ ಸಾಲಿನ ನಡುವೆ ಇತ್ತು. ಅವನು ಮಾತ್ರ ಹಿಂದೆ ಹಿಂದೆ ಬಿದ್ದು ಕಡೆಗೆ ಮಾಸ್ತರರ ಮಗ್ಗುಲಿಗೇ ಬಂದು ಸೇರಿದ್ದ.

“ಮಾಸ್ತರ, ಹೊಳ್ಯಾಗ ಮೊಸಳಿ ಅದಾವಂತ, ಖರೇನ್ರಿ?”

“ಅದಾವ. ನಮ್ಮನ್ನ ಕಂಡ್ರ ಅವ ಅಂಜತಾವ.”

“ನಾವ ಎಷ್ಟ ಮಂದಿ ಇದ್ರ ಅಂಜತಾವ್ರಿ?”

ಮಾಸ್ತರರು ನಕ್ಕರು. ಕಬ್ಬು ಹೇರಿದ ಗಾಡಿಗಳು ಹಾದಾಗ ರಸ್ತೆಯ ಮೇಲೆ ಬಿದ್ದ ಒಣ ಗರಿಯ ರವದಿಯನ್ನು ಹುಡುಗ ಬೂಟಿನಿಂದ ಒದೆಯುತ್ತ ಹೋದ. ಆಮೇಲೆ ಮೆಲ್ಲಗೆ, “ಮಾಸ್ತರ, ಒಂದ ಹೇಳತೀನಿ, ಬೈಬಾರದ್ರಿ,” ಎಂದ.

“ಹೇಳು.”

“ಅವ್ವ ನಿಮಗಂತ ಎರಡ ಶೇಂಗಾ ಹೋಳಗಿ ಕಟ್ಟಿದ್ಲು. ನಾ ಅವನ್ನ ತಿಂದಬಿಟ್ಟೆ. ನನ್ನ ಬುತ್ತೀನೂ ತಿಂದೆ.”

“ಇಷ್ಟ ಲಗೂ? ಇನ್ನ ಅರ್ಧಾ ದಾರೀನೂ ಆಗಿಲ್ಲಲೇ.”

“ಹಸಿವ್ಯಾಗಿತ್ರಿ. ಅವ್ವಗ ಹೇಳಬ್ಯಾಡ್ರಿ. ಮಾಸ್ತರ ತಿಂದ್ರು, ಛಲೋ ಆಗಿದ್ದು ಅಂದ್ರು ಅಂತ ನಾ ಹೇಳತೀನಿ.”

“ಆತು. ನಾ ಏನೂ ಹೇಳೂದಿಲ್ಲ.”

“ಆಣಿ ಮಾಡ್ರಿ.”

“ಆಣಿ.”

ಸಮಾಧಾನವಾದ ಹುಡುಗ ಮಾಸ್ತರರ ಕೈ ಹಿಡಿದುಕೊಂಡ. ಹಾಗೇ ಒಂದಿಷ್ಟು ದೂರ ನಡೆದರು. ಮುಂದಿನಿಂದ ದೊಡ್ಡ ಹುಡುಗನೊಬ್ಬ ತಿರುಗಿ ನೋಡಿ ಪಕ್ಕದವನಿಗೆ ಏನೋ ಹೇಳಿದ, ಇಬ್ಬರೂ ನಕ್ಕರು. ಮಾಸ್ತರರಿಗೆ ಅದು ಕಂಡಿತು.

“ಬಸು, ಈಗ ನೀ ಗೆರಿ ದಾಟಿದಾಂವ. ಹಿಂಗ ಕೈ ಹಿಡಕೊಂಡ ನಡದ್ರ ಅವ್ರು ದಿನಾ ಕಾಡತಾರ. ಹೋಗು, ಓಡು. ನಿನ್ನ ತಂಡ ಅಲ್ಲೈತಿ ನೋಡು.”

“ನೀವ ಹಿಂದ ಇರತೀರಲ್ಲಾ?”

“ಇಲ್ಲೇ ಇರತೀನಿ.”

ಹುಡುಗ ಓಡಿದ. ಬೆನ್ನ ಮೇಲಿನ ಖಾಲಿ ಬುತ್ತಿ ಡಬ್ಬಿ ಖಣಖಣ ಎನ್ನುತ್ತಿತ್ತು. ಅದೇ ವೇಳೆಗೆ ಹಿಂದಿನಿಂದ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರೊಂದು ಬಂತು. ಎದುರಿನ ಬಸ್ಸಿಗೆ ದಾರಿ ಬಿಡಲು ರಸ್ತೆಯ ಅಂಚಿಗೆ ಇಳಿಯಿತು. ಹಿಂದಿನ ಟ್ರೇಲರಿನ ಗಾಲಿ ಕುಸಿದ ಮಣ್ಣಿನಲ್ಲಿ ಸಿಕ್ಕಿತು. ಆಳೆತ್ತರ ಹೇರಿದ್ದ ಕಬ್ಬು ನಿಧಾನವಾಗಿ ವಾಲುವುದು ಮಾಸ್ತರರಿಗೆ ಕಂಡಿತು. ಅವರು ಕೂಗಿದರು. ಸಾಲಿನ ಹುಡುಗರು ಕೂಗು ಕೇಳಿ ಹೊಲಕ್ಕೆ ಹಾರಿದರು. ಹುಡುಗರ ಸಾಲಿಗೂ ಮಾಸ್ತರರಿಗೂ ನಡುವೆ ಓಡುತ್ತಿದ್ದವನು ಮಾತ್ರ ಮಾಸ್ತರರು ತನ್ನನ್ನು ಕರೆದರೆಂದು ನಿಂತು ತಿರುಗಿದ.

ಕಬ್ಬು ಸರಿಸಲು ಊರ ಜನವೆಲ್ಲ ಓಡಿ ಬಂತು. ಅವರೆಲ್ಲ ಬರುವ ಮೊದಲೇ ಮಾಸ್ತರರ ಕೈಗಳು ರವದಿಯ ಅಂಚಿಗೆ ಸೀಳಿ ಮೊಣಕೈವರೆಗೆ ಕೆಂಪಾಗಿದ್ದವು.

ಅವತ್ತು ಸಂಜೆ ಅದೇ ಕೈಯಲ್ಲಿ ಶಿವಗಂಗವ್ವನ ಬಾಗಿಲ ಮುಂದೆ ನಿಂತರು. ಓಣಿಯೆಲ್ಲ ನೆರೆದಿತ್ತು.

“ನೀವ ಎಲ್ಲಿದ್ರಿ?” ಎಂದು ಆಕೆ ಕೇಳಿದಳು.

“ಹಿಂದ.”

“ಅಂವ?”

“ಮುಂದ.”

ಆಕೆ ಹೊಸ್ತಿಲ ಮೇಲಿನ ತಂಬಿಗೆ ಎತ್ತಿ ಅವರ ಕಾಲಬುಡಕ್ಕೆ ಎಸೆದಳು. “ಇನ್ನ ಮ್ಯಾಲ ನಿಮ್ಮ ನೆರಳು ನನ್ನ ಬಾಗಲ ಮುಂದ ಬೀಳಬಾರದು.”

ಮಾಸ್ತರರು ತಲೆಯಾಡಿಸಿ ಹಿಂದಿನ ಓಣಿಗೆ ತಿರುಗಿದರು.

*

ವಿಮಾನ ಸಿದ್ಧವಾಗುವವರೆಗೆ ಪರಮಾನಂದ ಮಾಸ್ತರರು ಕಟ್ಟೆಯ ಮೇಲೆ ಕರೆಪ್ಪನ ಪಕ್ಕ ಕುಳಿತಿದ್ದರು.

“ಆ ಹುಡುಗ ಹೋದ ಮ್ಯಾಲ ಮುರಗೆಪ್ಪ ಕಬ್ ಬಿಡತಾನ ಅನಕೊಂಡಿದ್ವಿ. ಬಿಡಲಿಲ್ಲ,” ಎಂದರು. “ಬಿಟ್ಟಿದ್ರ ಛಲೋ ಇತ್ತೇನೋ. ಹತ್ತ ತುಂಬಿದವ್ರನ್ನ ಮ್ಯಾಲ ಕಳಸಪಾ ಮುರಗೆಪ್ಪಾ ಅಂದ್ರ, ಇಂವ ಇನ್ನ ಸಣ್ಣಾಂವ, ಇವಗ ಮೈಯಾಗ ಆರಾಮಿಲ್ಲ, ಇಂವ ಮುಂದಿನ ವರ್ಷ ದಾಟಲಿ ಅನ್ನಾಂವ. ಗಡ್ಡಾ ಮೂಡೂ ಹುಡುಗೂರು ಕಬ್ ಟೊಪಗಿ ಹಾಕ್ಕೊಂಡ ನಿಂತು ನಾಚತಿದ್ರು. ನಾ ಗೆರಿ ಆಚೆ ನಿಂತಂವ ನಿಂತ ಉಳದೆ. ನನ್ನ ದಳದಾಗ ದೊಡ್ಡವ್ರೆಲ್ಲಾ ಸಾಲಿ ಮುಗಿಸಿ ಹೋದ್ರು, ಹೊಸಬ್ರ ಯಾರೂ ಬರಲಿಲ್ಲ. ಕಡೀಕ ಎರಡೂ ಮುಚ್ಚಿದ್ವು.”

“ಜಗಳಾ ತಗೀಲಿಲ್ಲೇನು ನೀವ?”

“ಹೆಂಗ ತಗೀಲಿ? ಅಂವ ಕೈ ಮುಗದ ಬಿಡತಿದ್ದ.”

ಒಳಗಿನಿಂದ ಪೂಜೆಗೆ ಬಂದಿದ್ದ ಅಯ್ಯನವರು ಶಂಖ ಊದಿದರು.

ಹೊತ್ತು ಇಳಿಯುವಾಗ ವಿಮಾನ ಎದ್ದಿತು. ಬಿದಿರಿನ ಕಮಾನಿನ ಕೆಳಗೆ ಮಾಸ್ತರರು ಕುರ್ಚಿಗೆ ಕಟ್ಟಿಸಿಕೊಂಡು ನೆಟ್ಟಗೆ ಕುಳಿತಿದ್ದರು. ಮುಂದೆ ಭಜನೆ, ಅದರ ಹಿಂದೆ ಚುರಮರಿ ತೂರುತ್ತ ಒಬ್ಬ. ಮಧುಮತಿ ಬಲಗಡೆಯ ಬಿದಿರಿಗೆ ಕೈ ಹಚ್ಚಿ ನಡೆದಳು. ಶಿವಗಂಗವ್ವನ ಮನೆ ಹತ್ತಿರವಾದಂತೆ ಭಜನೆಯವರ ದನಿ ತಾನಾಗಿ ಇಳಿಯಿತು.

ಬಾಗಿಲ ಮುಂದೆ ವಿಮಾನ ಇಳಿಸಿದರು. ಕೆಳಗಿಟ್ಟಾಗ ಮಾಸ್ತರರ ತಲೆ ಒಮ್ಮೆ ಅಲುಗಿತು. ಶಿವಗಂಗವ್ವ ಹೊರಗೆ ಬಂದಳು. ಕೂತ ಹೆಣದ ಮುಖ, ನಿಂತ ಆಕೆಯ ಮುಖ, ಎರಡೂ ಎದುರುಬದುರಾದವು. ಆಕೆ ಬೈಯುತ್ತಾಳೆಂದು ಕೆಲವರು, ಕಾಲು ಮುಟ್ಟುತ್ತಾಳೆಂದು ಕೆಲವರು ಕಾಯುತ್ತಿದ್ದರು.

“ಮಾಸ್ತರ,” ಎಂದಳು ಆಕೆ, ಪಕ್ಕದ ಮನೆಯವರನ್ನು ಮಾತಾಡಿಸಿದ ಹಾಗೆ. “ಏನಂದಾ ಅಂವ?”

ಆಕೆ ನಿಜವಾಗಿಯೂ ಉತ್ತರ ಬರುತ್ತದೆಂಬಂತೆ ಕಿವಿಯನ್ನು ಕೊಂಚ ಮುಂದೆ ಮಾಡಿ ನಿಂತಿದ್ದಳು. ಪರಮಾನಂದ ಮಾಸ್ತರರಿಗೆ ತಡೆಯಲಾಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು, “ತಂಗೀ, ಅಂವ ಹಾಡ ಹಾಡಕೋತ ಹೊಂಟಿದ್ದ. ಬಾಳ ಖುಷೀಲೆ ಇದ್ದ,” ಎಂದರು.

ಆಕೆ ಅವರತ್ತ ತಿರುಗಲೂ ಇಲ್ಲ. “ನೀವ ಮುಂದ ಇದ್ರಿ. ನಿಮಗೇನ್ ಗೊತ್ತು.”

ಪರಮಾನಂದ ಮಾಸ್ತರರು ತಲೆ ತಗ್ಗಿಸಿ ಹಿಂದೆ ಸರಿದರು. ಮಧುಮತಿಗೆ ಆಗ ಅಳು ಬಂತು. ಬೆಳಗಿನಿಂದ ಬಾರದಿದ್ದದ್ದು ನಡು ಓಣಿಯಲ್ಲಿ, ಎಲ್ಲರ ಎದುರಿಗೆ, ದನಿ ತೆಗೆದು ಬಂತು. ಅಪ್ಪ ಸತ್ತದ್ದಕ್ಕೋ, ಅಪ್ಪ ಬದುಕಿದ ರೀತಿಗೋ ಅವಳಿಗೇ ಬಿಡಿಸಿ ಹೇಳಲಾಗುತ್ತಿರಲಿಲ್ಲ. ಶಿವಗಂಗವ್ವ ಅವಳನ್ನು ಸಮಾಧಾನ ಮಾಡಲಿಲ್ಲ. ಅಳು ಮೇಲಿಂದ ಮೇಲೆ ಬಂದು ಇಳಿಯುವವರೆಗೂ ನೋಡುತ್ತ ನಿಂತು, ಆಮೇಲೆ ಹೊತ್ತವರಿಗೆ, “ಒಯ್ರಿ, ಹೊತ್ತಾಗತೈತಿ,” ಎಂದಳು.

ರುದ್ರಭೂಮಿಯ ಕುಣಿಯಲ್ಲಿ ಇಳಿಸಿದರು. ವಿಭೂತಿ, ಪತ್ರಿ, ಆಮೇಲೆ ಮಣ್ಣು. ಕರೆಪ್ಪ ಮೊದಲ ಹಿಡಿ ಹಾಕುವಾಗ, “ತಪ್ಪಿದ್ರ ಹೊಟ್ಟ್ಯಾಗ ಹಾಕೋ ಅಣ್ಣಾ,” ಎಂದ.

ಹೋದ ದಾರಿಯಲ್ಲಿ ಮರಳಬಾರದೆಂದು ಗಂಡಸರು ಹಿಂದಿನ ಓಣಿಗೆ ತಿರುಗಿದರು. “ಬಾ ಬೇ,” ಎಂದು ಕರೆಪ್ಪ ಕರೆದ. ಮಧುಮತಿ ಬರಲಿಲ್ಲ. ನೆಟ್ಟಗಿನ ಓಣಿಯಲ್ಲಿ ಒಬ್ಬಳೇ ನಡೆದಳು.

ಮಗ್ಗಗಳು ಒಂದೊಂದಾಗಿ ಮತ್ತೆ ಶುರುವಾಗಿದ್ದವು. ಹೆಣ ಹಾದು ಹೋದ ಮೈಲಿಗೆ ಕಳೆಯಲು ಓಣಿಯುದ್ದಕ್ಕೂ ಹೆಂಗಸರು ಕೊಡ ಕೊಡ ನೀರು ಸುರಿದು ಬಾಗಿಲ ಮುಂದೆ ತೊಳೆದಿದ್ದರು. ಮಣ್ಣೆಲ್ಲ ಹಸಿಯಾಗಿ ಅವಳ ಬರಿಗಾಲಿಗೆ ಅಂಟಿತು. ಒಂದು ಮನೆಯ ಮುಂದೆ ಮಾತ್ರ ನೆಲ ಒಣಗಿಯೇ ಇತ್ತು. ವಿಮಾನದ ಕಾಲು ಊರಿದ ಗುರುತುಗಳು ಧೂಳಿನಲ್ಲಿ ಹಾಗೇ ಇದ್ದವು. ಸುತ್ತಲೂ ತುಳಿದ ಚೆಂಡು ಹೂವು, ಚೆಲ್ಲಿದ ಚುರಮರಿ. ಶಿವಗಂಗವ್ವ ಹೊಸ್ತಿಲ ಮೇಲೆ ಕಾಲು ಮಡಚಿ ಕುಳಿತಿದ್ದಳು. ಕೈಯಲ್ಲೊಂದು ಕಬ್ಬಿನ ಗಳ. ಚುರಮರಿ ಆರಿಸಲು ಪಕ್ಕದ ಮನೆಯ ಕೋಳಿಗಳು ಮತ್ತೆ ಮತ್ತೆ ಬರುತ್ತಿದ್ದವು. ಆಕೆ ಮತ್ತೆ ಮತ್ತೆ ಗಳ ಎತ್ತಿ ಅವನ್ನು ಓಡಿಸುತ್ತಿದ್ದಳು.